ಅತ್ತೆ ಬಿ.ಎ. ಓದಿ ಹನ್ನೊಂದು ಮಂದಿ ಸತ್ತದ್ದು

ನಮ್ಮ ಸೋದರತ್ತೆಗೆ ಗೊತ್ತಿದ್ದ ಕಾದಂಬರಿಗಳಲ್ಲಿ, ಅವಳ ಅರವತ್ಮೂರನೇ ವಯಸ್ಸಿನ ತನಕ, ಒಬ್ಬರೂ ಸತ್ತಿರಲಿಲ್ಲ! ಹೊಳೆಗೆ ಬಿದ್ದವರು ಈಜಿ ದಡ ಸೇರುತ್ತಿದ್ದರು. ಕ್ಷಯ ಹತ್ತಿದವರು ಹಾಲು ಕುಡಿದು ದಪ್ಪಗಾಗುತ್ತಿದ್ದರು. ಯುದ್ಧಕ್ಕೆ ಹೋದವರು ಸಣ್ಣದೊಂದು ಗಾಯ ಮಾಡಿಕೊಂಡು ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದರು. ಇಂಥ ಸಾಹಿತ್ಯ ಎಲ್ಲಿ ಸಿಗುತ್ತದೆ ಎಂದು ಕೇಳಬೇಡಿ. ಅದು ಉದಗೀರದ ಒಂದು ಪಡಸಾಲೆಯಲ್ಲಿ ಮಾತ್ರ ಸಿಗುತ್ತಿತ್ತು.

ನಮ್ಮ ಗಡಿಯ ಮನೆಗಳಲ್ಲಿ ಕಣ್ಣು ಮರಾಠಿ, ಬಾಯಿ ಕನ್ನಡ. ಶಾಲೆ, ಪುಸ್ತಕ, ಕೋರ್ಟಿನ ಕಾಗದ ಎಲ್ಲ ಮರಾಠಿ. ಅಡುಗೆ, ಬೈಗುಳ, ಅಳು ಕನ್ನಡ. (ಉಮರ್ಗಾದಲ್ಲಿ ಕನ್ನಡ ಶಾಲೆ ಕಲಿತ ನನ್ನಂಥವರು ಎರಡೂ ಕಡೆ ಅರ್ಧರ್ಧ.) ಅತ್ತೆಯ ಗಂಡ, ಅಂದರೆ ನಮ್ಮ ಮಾಮಾ, ಸಂಜೆ ಧಾನ್ಯದ ಅಂಗಡಿ ಮುಚ್ಚಿ ಬಂದು ವಾಚನಾಲಯದ ಮರಾಠಿ ಪುಸ್ತಕ ಬಿಡಿಸುವರು. ಪುಟ ನೋಡುತ್ತಲೇ ಕಥೆಯನ್ನು ಕನ್ನಡದಲ್ಲಿ ಹೇಳುತ್ತಾ ಹೋಗುವರು. ಅತ್ತೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ಕೇಳುವಳು. ನಲವತ್ತು ವರ್ಷ ಹೀಗೆ ನಡೆಯಿತು. ಆಮೇಲೆ ಮಾಮಾನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು, ಪುಸ್ತಕ ಮುಚ್ಚಿತು.

ಆಗ ಅತ್ತೆ ಏನು ಮಾಡಬೇಕು? ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ಅಂಥವರಿಗೆಂದೇ ಇರುವ ಒಂದು ಪೂರ್ವಪರೀಕ್ಷೆ ಪಾಸು ಮಾಡಿ, ದೂರಶಿಕ್ಷಣದ ಬಿ.ಎ.ಗೆ ಹೆಸರು ಹಚ್ಚಿಯೇಬಿಟ್ಟಳು!

"ಈ ವಯಸ್ಸಿನ್ಯಾಗ ಯಾಕ ಬೇಕು ಅತ್ತಿ?" ಎಂದೆ.

"ಮನ್ಯಾಗ ಒಬ್ಬರ ಕಣ್ಣು ಹೋದ್ರ ಇನ್ನೊಬ್ಬರು ಕಣ್ಣು ತಗೀಬೇಕಪ್ಪಾ. ನೀ ಸುಮ್ಕ ಫಾರ್ಮ ತುಂಬು."

ನಾನು ನಿಲಂಗಾದ ಒಂದು ಕಚೇರಿಯಲ್ಲಿ ಗುಮಾಸ್ತ. ಫಾರ್ಮು ತುಂಬುವುದು ನನ್ನ ಹೊಟ್ಟೆಪಾಡು, ಚಿಂತೆ ಮಾಡುವುದು ಹವ್ಯಾಸ. ಪರೀಕ್ಷೆಯ ಕೋಣೆ ಮೂರನೇ ಮಹಡಿಯಲ್ಲಿದ್ದರೆ ಅತ್ತೆಯ ಮೊಣಕಾಲಿನ ಗತಿ? ನಪಾಸಾದರೆ ಬಿ.ಪಿ. ಏರುವುದಿಲ್ಲವೆ? ಅದಕ್ಕಿಂತ ಘೋರ, ಪಾಸಾಗಿ ಎಂ.ಎ.ಗೆ ಫಾರ್ಮು ತಂದರೆ?

ಐದು ಪುಸ್ತಕ ಓದಿ, ಪ್ರತಿಯೊಂದಕ್ಕೂ ತನ್ನ ಪ್ರತಿಕ್ರಿಯೆಯನ್ನು ವಹಿಯಲ್ಲಿ ಬರೆದು ಕೊಡಬೇಕಿತ್ತು. ಅತ್ತೆ ಮರಾಠಿಯಲ್ಲಿ ಬರೆದು, ನಾನು ಹೋದಾಗ ಕನ್ನಡದಲ್ಲಿ ಓದಿ ಹೇಳುವಳು. ಪ್ರವಾಸಕಥನದ ಬಗ್ಗೆ: "ಇಂವಾ ಒಂಬತ್ತು ದೇಶ ತಿರಗ್ಯಾನ. ಹೇಣ್ತಿಗಿ ಒಂದು ಸೀರಿ ತಂದಿದ್ದು ಎಲ್ಲೂ ಬರದಿಲ್ಲ." ಮಳೆಯ ಕವಿತೆಗಳ ಬಗ್ಗೆ: "ಸೋಯಾಬೀನ ರಾಶಿ ಮಾಡೂ ಮುಂದ ಬಂದ ಮಳಿ ಮ್ಯಾಲ ಒಂದೂ ಕವಿತಾ ಇಲ್ಲ. ಕವಿಗೆ ಹೊಲ ಇದ್ದಂಗಿಲ್ಲ." ಆತ್ಮಕಥೆಯ ಬಗ್ಗೆ ಒಂದೇ ಸಾಲು: "ಎಲ್ಲಾ ಛಲೋ ಅದ, ಸಾಕ್ಷಿ ಯಾರು?"

ವಹಿ ತಿದ್ದುವ ಎಳೆಯ ಮೇಡಂ ಇವಕ್ಕೆಲ್ಲ ನಗುತ್ತಲೇ ಅಂಕ ಕೊಟ್ಟರು. ಎಡವಿದ್ದು ನಾಲ್ಕನೆಯದಕ್ಕೆ. ಅದು ಮಾಮಾ ಹಿಂದೆ ಮೂರು ಸಲ ಹೇಳಿದ್ದ ಕಾದಂಬರಿ. ಅತ್ತೆ ಪುಸ್ತಕ ಬಿಡಿಸದೆ ಬರೆದಳು: ಜ್ವರ ಬಂದು ಮಲಗಿದ ನಾಯಕಿ ಗಂಡನ ಬಂಡಿಯ ಗಂಟೆ ಕೇಳಿ ಎದ್ದು ಕೂರುತ್ತಾಳೆ, ಉಪ್ಪು ಹಾಕಿದ ಗಂಜಿ ಕುಡಿಯುತ್ತಾಳೆ, ಇಬ್ಬರೂ ತವರಿಗೆ ಹೋಗುತ್ತಾರೆ. ಮೇಡಂ ಕೆಂಪು ಶಾಯಿಯಲ್ಲಿ ಬರೆದರು: "ನಾಯಕಿ ಸಾಯುತ್ತಾಳೆ. ಪುಸ್ತಕ ಓದಿ, ಎಂಟು ದಿನದಲ್ಲಿ ಮತ್ತೆ ಬರೆದು ಕೊಡದಿದ್ದರೆ ಪರೀಕ್ಷೆಗೆ ಕೂರಿಸಲಾಗದು."

"ಹುಡುಗಿ ಓದೂದ್ರಾಗ ತಪ್ಪ್ಯಾಳ," ಎಂದಳು ಅತ್ತೆ. ಆದರೂ ವಾಚನಾಲಯಕ್ಕೆ ಹೋದಳು.

ಆರನೇ ದಿನ ಬೆಳಗ್ಗೆ ನನಗೆ ಫೋನು. "ತಮ್ಮಾ, ಹನ್ನೊಂದು ಮಂದಿ ಹೋದ್ರೋ! ನೀ ಬಾ." ಫೋನು ಕಟ್ಟು.

ನನ್ನಂಥವನಿಗೆ ಒಬ್ಬರು ಸಾಕು! ಚಹಾ ಕುಡಿಯದೆ ಉದಗೀರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಳಗದವರನ್ನು ಬೆರಳ ಮೇಲೆ ಎಣಿಸಿದೆ. ಉದಗೀರದಲ್ಲಿ ನಮ್ಮವರು ಒಂಬತ್ತೇ ಮಂದಿ. ಉಳಿದಿಬ್ಬರು ಯಾರು?

ಮನೆ ಹೊಕ್ಕರೆ ಅತ್ತೆ ಪುಸ್ತಕದ ರಾಶಿಯ ನಡುವೆ ಕೂತಿದ್ದಳು, ಕಣ್ಣು ಕೆಂಪು.

"ಯಾರ್ಯಾರು ಅತ್ತಿ?"

ಮಾಮಾ ಹಿಂದೆ ಹೇಳಿದ್ದ ಕಾದಂಬರಿಗಳನ್ನು ಒಂದೊಂದೇ ಎತ್ತಿ, ಕಡೆಯ ಪುಟ ಬಿಡಿಸಿ ತೋರಿಸಿದಳು. "ಈಕಿ ಜ್ವರದಾಗ ಹೋದ್ಲು. ಇಂವಾ ಹೊಳ್ಯಾಗ ಹೋದ. ಈ ಮುದುಕ, ಇಂವಾ ಕಾಶಿಗಿ ಹೋಗ್ಯಾನಂತ ತಿಳಕೊಂಡಿದ್ದೆನೋ ನಾ!"

ನನಗೆ ನಗು ಬಂತು, ಕೂಡಲೇ ಹೆದರಿಕೆಯೂ ಬಂತು. ಮೂಲೆಯ ಮಂಚದ ಮೇಲೆ ಮಾಮಾ ಸಿಕ್ಕಿಬಿದ್ದ ಕಳ್ಳನ ಹಾಗೆ ಕೂತಿದ್ದರು. ನಲವತ್ತು ವರ್ಷ ದಾಟಿದ ಸಂಸಾರ ಈ ವಯಸ್ಸಿನಲ್ಲಿ, ಅದೂ ಬಿ.ಎ. ಮೊದಲ ವರ್ಷದಲ್ಲಿ, ಮುರಿದರೆ?

"ಇಷ್ಟು ವರ್ಷ ಸುಳ್ಳ ಓದೀರಿ ನನ್ನ ಮುಂದ!"

"ನೀ ಅತ್ರ ಬ್ಯಾಳಿ ಹಸಿ ಆಗ್ತಿತ್ತು."

"ಬ್ಯಾಳಿ ಸುದ್ದಿ ಬ್ಯಾಡ್ರಿ. ಖರೇ ಹೇಳ್ರಿ."

ಮಾಮಾ ಅತ್ತೆಯ ದನಿ ಬಂದ ಕಡೆ ಮುಖ ತಿರುಗಿಸಿದರು. "ಮೊದಲನೇ ಕೂಸು ಹೋದ ವರ್ಷ ನೀ ಮಾತೇ ಬಿಟ್ಟಿದ್ದಿ. ಮನಸ್ಸು ಹಗುರ ಆಗ್ಲಿ ಅಂತ ಒಂದು ಪುಸ್ತಕ ತಂದೆ. ಹಾಳಾದ್ದು, ಅದರಾಗೂ ಕೂಸು ಸಾಯ್ತದ! ನಾ ಹ್ಯಾಂಗ ಓದ್ಲಿ? ಬದುಕಿಸಿಬಿಟ್ಟೆ. ಆಗ ನೀ ತಲಿ ಎತ್ತಿ 'ಮುಂದ?' ಅಂದಿ. ತಿಂಗಳಾದ ಮ್ಯಾಲ ಅದೇ ಮೊದಲ ಮಾತು. ಆಮ್ಯಾಲ ನಾ ಯಾರನ್ನ ಸಾಯಿಸ್ಲಿ, ಹೇಳು?"

ಅತ್ತೆ ಎದ್ದು ಒಳಗೆ ಹೋಗಿ ಮೂವರಿಗೂ ಚಹಾ ಮಾಡಿದಳು. ಮಾಮಾನ ಬಟ್ಟಲಿಗೆ ಸಕ್ಕರೆ ಹಾಕಲಿಲ್ಲ. ಅದು ಸಿಟ್ಟೋ ಪಥ್ಯವೋ ನನಗೆ ತಿಳಿಯಲಿಲ್ಲ.

ಆಮೇಲೆ ವಹಿ ತೆಗೆದು ಬರೆದಳು: "ಕೊನೆಗೆ ನಾಯಕಿ ಸಾಯುತ್ತಾಳೆ. ಲೇಖಕರಿಗೆ ಸ್ವಲ್ಪ ಅವಸರ." ನನ್ನ ಜೀವಕ್ಕೆ ತಂಪಾಯಿತು. ಪರೀಕ್ಷೆಗೇನೂ ಧಕ್ಕೆಯಿಲ್ಲ! ಮೇಡಂಗೆ ಮುಟ್ಟಿಸಲು ವಹಿ ಹಿಡಿದು ಅಂಗಳಕ್ಕೆ ಬಂದೆ. ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಅತ್ತೆಯ ದನಿ ಕೇಳಿತು. ಇಣುಕಿದೆ. ಅದೇ ಕಾದಂಬರಿ, ಕಡೆಯ ಅಧ್ಯಾಯ. ಕನ್ನಡಕ ಏರಿಸಿ, ಮಂಚದ ಹತ್ತಿರ ಕೂತು, ಮರಾಠಿ ಪುಟ ನೋಡುತ್ತಾ ಕನ್ನಡದಲ್ಲಿ ಹೇಳುತ್ತಿದ್ದಳು. ಕಡೆಯ ಪುಟಕ್ಕೆ ಬಂದು ನಿಂತಳು.

"ಮುಂದ?" ಎಂದರು ಮಾಮಾ, ಆ ಪುಟವನ್ನು ಬಾಯಿಪಾಠ ಬಲ್ಲವರು.

"ಮುಂದೇನದ? ಬಂಡಿ ಗಂಟಿ ಸಪ್ಪಳ ಕೇಳಿ ಆಕಿ ಎದ್ದು ಕೂತ್ಲು. ಗಂಜಿ ಬೇಡಿದ್ಲು."

"ಉಪ್ಪು ಹಾಕಿ?"

"ಹೂಂ, ಉಪ್ಪು ಹಾಕಿ."