ದೊರೆಯ ಸ್ಥಳಾಂತರ

ಬೆಕ್ಕನ್ನು ಹೊಸ ಮನೆಗೆ ಒಗ್ಗಿಸುವುದು ಒಂದು ಮಹಾವಿದ್ಯೆ, ಅದರಲ್ಲಿ ತನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ ಎಂದು ಟೇಪಣ್ಣ ಊಟದ ತಟ್ಟೆಯ ಮುಂದೆ ಕೂತು ಘೋಷಿಸಿದ! ಟೇಪಣ್ಣ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಮನೆ ಸಾಮಾನು ಸಾಗಿಸುವ ಕಂಪನಿಯೊಂದರಲ್ಲಿ ಅವನು ಮೇಸ್ತ್ರಿ. ಅವನು ಪ್ಲಾಸ್ಟಿಕ್ ಸುತ್ತಿ ಟೇಪ್ ಹಚ್ಚಿದ ಸಾಮಾನನ್ನು ಬ್ಲೇಡಿಲ್ಲದೆ ಬಿಚ್ಚಿದ ಗಂಡಸು ಇಲ್ಲವೆಂದು ಕೆಲಸದವರು ಕೊಟ್ಟ ಬಿರುದು ಅದು.

"ಹೊಸ ಮನೇಲಿ ಅದಕ್ಕೆ ಮೊದಲು ಒಂದೇ ಕೋಣೆ. ಪಕ್ಕದಲ್ಲಿ ಹಳೇ ವಾಸನೆ ಇರೋ ಏನಾದ್ರೂ ಇರಬೇಕು. ಊಟ ಅಲ್ಲಿಗೇ ಸರಬರಾಜು. ಒಗ್ಗೋವರೆಗೂ ಹೊರಗೆ ಬಿಡೋ ಹಾಗೇ ಇಲ್ಲ!"

"ಬೆಕ್ಕು ಸಾಮಾನಲ್ಲ ಕಣ್ರೀ," ಎಂದಳು ಹೆಂಡತಿ.

"ಉಸಿರಾಡೋ ಸಾಮಾನು, ಅಷ್ಟೇ!"

ಬೆಕ್ಕಿನ ಹೆಸರು ದೊರೆ. ಹೆಸರಿಟ್ಟವಳು ಟೇಪಣ್ಣನ ಅಮ್ಮ. ಅವಳು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. "ನನ್ನ ಬಿಡು, ಅವನನ್ನ ಮಾತ್ರ ಕೈಬಿಡಬೇಡ" ಎಂದು ಹಾಸಿಗೆಯಲ್ಲಿ ಮಲಗಿಯೇ ಮಗನಿಂದ ಮಾತು ತೆಗೆದುಕೊಂಡಿದ್ದಳು. ಅವಳು ತೀರಿಕೊಂಡಂದಿನಿಂದ ಟೇಪಣ್ಣ ಒಮ್ಮೆಯೂ ಅತ್ತಿರಲಿಲ್ಲ. ಅವಳ ಕೋಣೆಯ ಮುಂದೆ ಹಾಯುವಾಗ ಮುಖ ಆಚೆ ತಿರುಗಿಸುತ್ತಿದ್ದ. ಅವಳ ಮರದ ಬೀರುವನ್ನು ತಾನೂ ಮುಟ್ಟುತ್ತಿರಲಿಲ್ಲ, ಬೇರೆಯವರನ್ನೂ ಮುಟ್ಟಗೊಡುತ್ತಿರಲಿಲ್ಲ. ಕೊನೆಗೆ ಮನೆಯನ್ನೇ ಬದಲಾಯಿಸುವುದೆಂದು ತೀರ್ಮಾನಿಸಿದ.

ಸಾಗಣೆಯ ದಿನ ಬೆಳಿಗ್ಗೆ ದೊರೆ ನಾಪತ್ತೆ! ಅದಕ್ಕೆಂದು ಸಿದ್ಧಪಡಿಸಿದ್ದ ಬುಟ್ಟಿಯಲ್ಲಿ ಟವೆಲ್ ಮಾತ್ರ ಬಿದ್ದಿತ್ತು.

"ಅದು ಸಿಗೋವರೆಗೂ ಲಾರಿ ಹೊರಡೋದು ಬೇಡ," ಹೆಂಡತಿ ಅಂಗಲಾಚಿದಳು.

"ಗದ್ದಲಕ್ಕೆ ಹೆದರಿ ಎಲ್ಲೋ ಅಡಗಿದೆ. ಸಂಜೆ ಮನೆ ಖಾಲಿ ಇರುವಾಗ ನಾನೇ ಎತ್ಕೊಂಡು ಬರ್ತೀನಿ. ನನಗೇ ಪಾಠ ಹೇಳ್ತೀಯಾ?"

ಬೀರುವನ್ನು ಮಾತ್ರ ಅವನು ಯಾರ ಕೈಗೂ ಕೊಡಲಿಲ್ಲ. ಅರ್ಧ ಮುಖ ತಿರುಗಿಸಿಕೊಂಡೇ ಸುತ್ತಿದ, ಮತ್ತೆ ಸುತ್ತಿದ, ಪ್ಲಾಸ್ಟಿಕ್ಕಿನ ಉರುಳೆ ಮುಗಿಯುವವರೆಗೂ ಸುತ್ತಿದ.

"ಅಣ್ಣಾ, ಇದನ್ನ ಬಿಚ್ಚೋಕೆ ಗರಗಸ ಬೇಕಾಗುತ್ತೆ," ಎಂದು ಕೆಲಸದವನೊಬ್ಬ ನಕ್ಕ.

"ಯಾಕೆ ಬಿಚ್ಚಬೇಕು?" ಎಂದು ಟೇಪಣ್ಣ ಗದರಿದ.

ಸಂಜೆ ಬುಟ್ಟಿ ಹಿಡಿದು ಹಳೆಯ ಮನೆಗೆ ದಂಡಯಾತ್ರೆ ಹೊರಟ. "ದೊರೇ! ಮಹಾಪ್ರಭೂ!" ಎಂದು ಅಟ್ಟದ ಮೇಲೆ, ಬಚ್ಚಲಿನಲ್ಲಿ, ನೀರಿನ ತೊಟ್ಟಿಯ ಹಿಂದೆ ಕೂಗಿದ. ಖಾಲಿ ಗೋಡೆಗಳು ಅವನ ಕೂಗನ್ನೇ ಹಿಂತಿರುಗಿಸಿದವು. ಉಳಿದದ್ದು ಅಮ್ಮನ ಕೋಣೆಯೊಂದೇ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಮನಸ್ಸು ಗಟ್ಟಿ ಮಾಡಿಕೊಂಡು ಒಳಗೆ ಕಾಲಿಟ್ಟ. ಬೀರು ನಿಂತಿದ್ದ ಜಾಗದಲ್ಲಿ ಗೋಡೆಯ ಬಣ್ಣ ಹೊಸದಾಗಿಯೇ ಉಳಿದಿತ್ತು. ಅದರ ಬಾಗಿಲು ಇದ್ದ ಕಡೆ ನೆಲದ ಮೇಲೆ ಬೆಕ್ಕಿನ ಬಿಳಿ ಕೂದಲು ದಪ್ಪಗೆ ಕೂತಿತ್ತು. ಅದು ದೊರೆ ತಿಂಗಳುಗಟ್ಟಲೆ ಬೀರುವಿನೊಳಗೆ ಹೋಗಿ ಬಂದು ಉದುರಿಸಿದ ಕೂದಲು.

ಟೇಪಣ್ಣ ಬುಟ್ಟಿಯನ್ನು ಅಲ್ಲೇ ಎಸೆದ. ಕೂಡಲೇ ಹೆಂಡತಿಗೆ ಫೋನ್ ಮಾಡಿದ.

"ದೊರೆ ಬೀರುವೊಳಗಿದೆ ಕಣೇ! ಬಿಚ್ಚು, ಬೇಗ ಬಿಚ್ಚು!"

"ಯಾವುದರಲ್ಲಿ ಬಿಚ್ಚಲಿ? ಚಾಕು, ಕತ್ತರಿ ಎಲ್ಲ ಪೆಟ್ಟಿಗೇಲಿ ಹಾಕಿ ಟೇಪ್ ಹಚ್ಚಿದ್ದೀರಲ್ಲ!"

ಅವನ ಬ್ಲೇಡ್ ಸಾಮಾನು ಇಳಿಸಿ ಮರಳಿದ ಲಾರಿಯ ಜೊತೆ ಹೋಗಿತ್ತು. ಬಿದ್ದೂ ಎದ್ದೂ ಹೊಸ ಮನೆ ಸೇರಿದಾಗ ಹೆಂಡತಿ ಬೀಗದ ಕೈಯಿಂದ ಪ್ಲಾಸ್ಟಿಕ್ಕನ್ನು ಕೆರೆಯುತ್ತಿದ್ದಳು. ಅವಳ ಬೆರಳುಗಳು ಕೆಂಪಾಗಿದ್ದವು. ಬೀರುವಿನಿಂದ ಸದ್ದೇ ಇರಲಿಲ್ಲ. ಬೆಳಗಿನಿಂದ ಒಳಗಿರುವ ಪ್ರಾಣಿ! ಬಿರುದಾಂಕಿತ ಟೇಪಣ್ಣ ನೆಲಕ್ಕೆ ಮಂಡಿಯೂರಿ ತನ್ನ ಟೇಪನ್ನು ತಾನೇ ಹಲ್ಲಿನಿಂದ ಕಚ್ಚಿ ಎಳೆದ. ಪ್ಲಾಸ್ಟಿಕ್ ಅಲ್ಲಾಡಲಿಲ್ಲ, ಹಲ್ಲು ಅಲ್ಲಾಡಿತು.

"ನಾನು ಕೊಂದುಬಿಟ್ಟೆ," ಎಂದ. "ಅಮ್ಮ ಒಂದೇ ಒಂದು ಕೇಳಿದ್ದು. ಕೈಯಾರೆ ಕೊಂದುಬಿಟ್ಟೆ."

"ಮಾತು ಬಿಡಿ, ಎಳೀರಿ!"

ಅಂತೂ ಬೀಗದ ಕೈ ಕೊರೆದ ಸೀಳಿನಿಂದ ಪ್ಲಾಸ್ಟಿಕ್ ಹರಿದು ಬಾಗಿಲು ತೆರೆಯಿತು. ಮೊದಲು ಹೊರಬಂದದ್ದು ವಾಸನೆ: ಮಂಡಿನೋವಿನ ಎಣ್ಣೆ, ಹಳೆಯ ಉಣ್ಣೆ, ಅಮ್ಮ. ಅವಳ ಸ್ವೆಟರಿನ ಮೇಲೆ ದೊರೆ ಅಲುಗಾಡದೆ ಮಲಗಿತ್ತು. ಟೇಪಣ್ಣ ಒಂದು ಬೆರಳಿನಿಂದ ಮುಟ್ಟಿದ. ಒಂದು ಕಣ್ಣು ತೆರೆಯಿತು. ಆಮೇಲೆ ಇಷ್ಟಗಲ ಆಕಳಿಕೆ!

ಬೀರುವಿನ ತಳದ ಹಲಗೆಯಲ್ಲಿ ಅಂಗೈಯಗಲದ ತೂತು. ತಳಕ್ಕೆ ಪ್ಲಾಸ್ಟಿಕ್ ಸುತ್ತುವುದು ಸಾಗಣೆಯವರ ಪದ್ಧತಿಯಲ್ಲ, ಹಾಗಾಗಿ ಅಲ್ಲಿಂದ ಗಾಳಿ ಆಡಿತ್ತು. ಆ ತೂತು ಮುಚ್ಚಿಸು ಎಂದು ಅಮ್ಮ ಬದುಕಿರುವವರೆಗೂ ಹೇಳಿದ್ದಳು, ಮಗ ನಾಳೆ ನಾಳೆ ಎಂದೇ ಕಾಲ ತಳ್ಳಿದ್ದ.

"ನಿಮ್ಮ ಸೋಮಾರಿತನಕ್ಕೆ ಕೈ ಮುಗೀಬೇಕು," ಎಂದಳು ಹೆಂಡತಿ. "ಈ ಬೀರುವಿನ ಬಾಗಿಲನ್ನ ದೊರೆ ದಿನಾ ತಾನೇ ಎಳೆದು ಒಳಗೆ ಹೋಗ್ತಿತ್ತು. ನೀವು ಆ ಕಡೆ ನೋಡಿದ್ರೆ ತಾನೇ!"

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಈ ಗಡಿಬಿಡೀಲಿ ನನಗೂ ಹೊಳೀಲಿಲ್ಲ."

ದೊರೆ ಇಳಿದು ಬಂದು, ತನಿಖೆಗೆ ಬಂದ ಅಧಿಕಾರಿಯ ಗತ್ತಿನಲ್ಲಿ ಹೊಸ ಕೋಣೆಯ ನಾಲ್ಕೂ ಮೂಲೆ ಮೂಸಿ, ಯಾವುದೂ ಒಪ್ಪಿಗೆಯಾಗದೆ ಮತ್ತೆ ಸ್ವೆಟರ್ ಸೇರಿತು. ಅದನ್ನು ಎತ್ತಿಕೊಳ್ಳಲೆಂದು ಟೇಪಣ್ಣ ಬೀರುವಿನೊಳಗೆ ತಲೆ ಹಾಕಿದ. ಕೆನ್ನೆ ಉಣ್ಣೆಗೆ ತಾಗಿತು. ತಲೆ ಹೊರಗೆ ಬರಲಿಲ್ಲ. ಭುಜಗಳು ಕುಲುಕತೊಡಗಿದವು. ಮರದ ಬೀರುವಿನೊಳಗಿಂದ ನಡುವಯಸ್ಸಿನ ಮೇಸ್ತ್ರಿಯೊಬ್ಬ "ಅಮ್ಮಾ" ಎಂದು ದನಿ ತೆಗೆದು ಅತ್ತ.

ಹೆಂಡತಿ ಹೊರಗೆ ಹೋದಳು. ಪಕ್ಕದ ಮನೆಯವರಿಂದ ಕೇಳಿ ತಂದ ಬಟ್ಟಲಲ್ಲಿ ಬೆಕ್ಕಿನ ಊಟ, ಲೋಟದಲ್ಲಿ ಟೀ, ಎರಡನ್ನೂ ಬೀರುವಿನ ಮುಂದೆ ಅಕ್ಕಪಕ್ಕ ಇಟ್ಟಳು.

"ಇರು, ಬಂದೆ," ಎಂದು ಟೇಪಣ್ಣ ಒಳಗಿಂದಲೇ ಮೂಗೆಳೆದ.

"ಎಲ್ಲಿಗೆ ಬರೋದು? ಒಗ್ಗೋವರೆಗೂ ಹೊರಗೆ ಬಿಡೋ ಹಾಗಿಲ್ಲ ಅಂತ ಹೇಳಿದ್ದು ನೀವೇ ಅಲ್ವಾ!" ಎಂದು ಅವಳು ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.