‘ಹಾಲಿನ ಆಣೆ’ ಚಿತ್ರದ ಹಾಡುಗಳು

ಸಿನಿಮಾಕ್ಕೆ ಸೇರದ ಹಾಡುಗಳು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ೧೯೮೬ರ ಮಾರ್ಚಿಗೆ ಮೊದಲು ಇದ್ದವು ಎಂಬುದಕ್ಕೆ ಯಾವ ಕಚೇರಿಯಲ್ಲೂ ದಾಖಲೆ ಸಿಗುವುದಿಲ್ಲ. ದಾಖಲೆ ಇಲ್ಲದ್ದರಿಂದ ಅವು ಇರಲಿಲ್ಲವೆಂದೇ ತಿಳಿಯತಕ್ಕದ್ದು. ಹೀಗಿದ್ದೂ ಸೊಣ್ಣಪ್ಪ ಎಂಬಾತ ಆರು ವರ್ಷ ಕಾಲ ಪ್ರತಿ ಭಾನುವಾರ ತಪ್ಪದೆ ಅವನ್ನು ಕೇಳಲು ಹೋಗಿದ್ದ.

ಸೊಣ್ಣಪ್ಪ ಬಂಗಾರಪೇಟೆ ಪಕ್ಕದ ಹಳ್ಳಿಯವನು. ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ ಸಂಜೆ ನೆಂಟರಿಷ್ಟರ ಕ್ಯಾನಿಗೂ ಮಾಪಕ ಇಳಿಸಿ “ನೀರೈತೆ” ಎಂದು ಮುಖದ ಮೇಲೆ ಹೇಳುವವನಿಗೆ ಊರಲ್ಲಿ ಸ್ನೇಹಿತರು ಇರುವುದು ಕಷ್ಟ. ಭಾನುವಾರ ಮಧ್ಯಾಹ್ನ ಹೆಂಡತಿ ಆದಿಲಕ್ಷ್ಮಮ್ಮನ ಜೊತೆ ಟ್ರೈನು ಹತ್ತಿ ಉರಿಗಾಂನಲ್ಲಿ ಇಳಿದಾಗ ಮಾತ್ರ ಅವನ ಮುಖದ ಗಂಟು ಸಡಿಲವಾಗುತ್ತಿತ್ತು.

ಉರಿಗಾಂನ ಕಾರ್ಮಿಕರ ಲೈನ್ ಮನೆಗಳ ಹಿಂದೆ ಒಂದು ತಗಡಿನ ಶೆಡ್ಡು. ಅಲ್ಲಿ ಕುಪ್ಪುಸ್ವಾಮಿಯ ಪಾರ್ಟಿ ಹಾಡುತ್ತಿತ್ತು. ಕುಪ್ಪುಸ್ವಾಮಿ ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ಕೊಡುವ ಕೆಲಸದವನು. ಮೇಲೆ ಬಂದರೆ ಗಿಟಾರ್ ಹಿಡಿಯುತ್ತಿದ್ದ. ತಮಿಳು, ತೆಲುಗು, ಕನ್ನಡ, ಯಾವುದು ಬಾಯಿಗೆ ಬಂತೋ ಅದರಲ್ಲಿ ತಾನೇ ಹಾಡು ಕಟ್ಟುತ್ತಿದ್ದ. ಯಾರಾದರೂ ಸಿನಿಮಾ ಹಾಡು ಕೇಳಿದರೆ, “ಅದಕ್ಕೆ ಟಾಕೀಸ್ ಇದೆ, ಓಗಪ್ಪಾ” ಎಂದು ಬಾಗಿಲು ತೋರಿಸುತ್ತಿದ್ದ. ಹೀಗಾಗಿ ಕೇಳುವವರು ನಲವತ್ತು ಜನಕ್ಕಿಂತ ಹೆಚ್ಚಾಗಲಿಲ್ಲ.

ಅವನೊಮ್ಮೆ ಗಣಿಯ ಕೆಳಗೆ ಒಂದಿಡೀ ದಿನ ಸಿಕ್ಕಿಹಾಕಿಕೊಂಡಿದ್ದ. ಅವನ ಹೆಂಡತಿ ಅಷ್ಟು ಹೊತ್ತೂ ಒಲೆ ಆರಿಸಿರಲಿಲ್ಲ. ಆಮೇಲೆ ಅವನು ಕಟ್ಟಿದ ಹಾಡು ಇದು:

ಕೆಳಗಿಳಿದೋನು ಮೇಲಕ್ಕೆ ಬರೋತಂಕ
ಒಲೆ ಮೇಲಿನ ಸಾರು ಕುದೀತಾನೆ ಇರಲಿ

ಆದಿಲಕ್ಷ್ಮಮ್ಮನ ಅಣ್ಣನೂ ಹೀಗೇ ಗಣಿಗೆ ಇಳಿದವನು, ಮೇಲಕ್ಕೆ ಬಂದಿರಲಿಲ್ಲ. ಈ ಹಾಡು ಬಂದಾಗಲೆಲ್ಲ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಸೊಣ್ಣಪ್ಪ ತಗಡಿನ ಕಡೆ ನೋಡುತ್ತ ಕೂರುತ್ತಿದ್ದ. ಸಂಜೆಯ ಹಾಲಿನ ಹೊತ್ತಿಗೆ ಇಬ್ಬರೂ ಹಗುರಾಗಿ ಊರು ಸೇರುತ್ತಿದ್ದರು.

ಮಾರ್ಚ್ ಮೊದಲ ಭಾನುವಾರ ಶೆಡ್ಡಿಗೆ ಬೀಗ ಬಿದ್ದಿತ್ತು. ಬೀಗದ ಮೇಲೆ ಪ್ರಕಟಣೆ:

“ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ನೋಂದಣಿಯಾಗದ ಹಾಡನ್ನು ಹಾಡುವುದು, ಹಾಡಿಸುವುದು, ಕೇಳುವುದು ಹಾಗೂ ಕೇಳಿಯೂ ಕೇಳದಂತೆ ಇರುವುದನ್ನು ಈ ಮೂಲಕ ನಿಷೇಧಿಸಲಾಗಿದೆ. — ಗಾನ ಮನರಂಜನಾ ನೋಂದಣಿ ಉಪಕಚೇರಿ, ರಾಬರ್ಟ್‌ಸನ್‌ಪೇಟೆ.”

“ನಂಗೆ ಹಗಲೆಲ್ಲ ಡ್ಯೂಟಿ. ನೀವು ದಿನಾ ರಿಜಿಸ್ಟರ್ ಬರೆಯೋರು, ನೀವೇ ಓಗಿ ಬನ್ನಿ ಅಣ್ಣಾ” ಎಂದ ಕುಪ್ಪುಸ್ವಾಮಿ.

ಸೊಣ್ಣಪ್ಪ ಹೋದ. ಬಾಗಿಲಲ್ಲಿ ಕೂತಿದ್ದ ಜವಾನನಿಗೆ, “ಆಡಿಗೆ ಪರ್ಮಿಷನ್ ಬೇಕಾಗಿತ್ತು” ಎಂದ. ಆಡು ಕುರಿಯೆಲ್ಲ ಪಕ್ಕದ ಕಚೇರಿ ಎಂದು ಜವಾನ ಅಲ್ಲಿಗೆ ಕಳಿಸಿದ. ಅಲ್ಲಿ ಎಷ್ಟು ಎಂದು ಕೇಳಿದರು, ಹನ್ನೊಂದು ಎಂದ. ರೋಗವೇನು ಎಂದು ಕೇಳಿದರು. ರೋಗವಿಲ್ಲ, ಗಿಟಾರ್ ಜೊತೆ ಎರಡು ಗಂಟೆ ಬರ್ತವೆ ಎಂದ. ಅವನ್ನು ಹನ್ನೊಂದು ತಲೆ ಎಂದು ಬರೆದುಕೊಂಡು, ಲಸಿಕೆ ಹಾಕಿಸಿದ್ದಕ್ಕೆ ಚೀಟಿ ಕೊಟ್ಟು, ಅವನನ್ನು ವಾಪಸು ಕಳಿಸಿದರು. ಆ ಚೀಟಿಯ ಮೇಲೆ ಸರ್ಕಾರಿ ಮೊಹರು ಇದ್ದುದರಿಂದಲೇ ಉಪಕಚೇರಿಯ ಮೇಲ್ವಿಚಾರಕರಾದ ಶ್ರೀನಿವಾಸಪ್ಪನವರು ಅವನಿಗೆ ಕುರ್ಚಿ ಕೊಟ್ಟರು.

“ನಿಮ್ಮ ಫಾರಂನಲ್ಲಿ ಏಳನೇ ಕಾಲಂ ಖಾಲಿ ಇದೆಯಲ್ರೀ. ಯಾವ ಚಿತ್ರದ್ದು?”

“ಚಿತ್ರ ಇಲ್ಲ ಸಾಮಿ. ಕುಪ್ಪುಸಾಮಿನೇ ಕಟ್ಟಿರೋದು.”

“ಚಿತ್ರ ಇಲ್ಲದೆ ಹಾಡು ಎಲ್ಲಿಂದ ಬರುತ್ತೆ?”

“ಬಾಯಿಂದ ಸಾಮಿ.”

ಶ್ರೀನಿವಾಸಪ್ಪನವರು ನಿಯಮಗಳ ಪುಸ್ತಕ ತೆಗೆದು ಎರಡು ಸಲ ನೋಡಿದರು. ಬಾಯಿಯ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

“ಚಿತ್ರದ್ದಾದರೆ ಹಾಡು. ಅಲ್ಲದಿದ್ದರೆ ಸದ್ದು. ಸದ್ದಿಗೆ ನಮ್ಮಲ್ಲಿ ಫಾರಂ ಇಲ್ಲ.”

ಸೊಣ್ಣಪ್ಪ ನಾಲ್ಕು ಸಲ ಅಲೆದ. ನಾಲ್ಕನೇ ಸಲ ಶ್ರೀನಿವಾಸಪ್ಪನವರಿಗೇ ಮರುಕ ಹುಟ್ಟಿತು. “ನೋಡ್ರೀ, ಕಾಲಂ ತುಂಬಿದೆಯೇ ಅಂತ ನೋಡೋದು ನನ್ನ ಕೆಲಸ. ಅದರಲ್ಲಿ ಏನು ತುಂಬಿದೆ ಅಂತ ನೋಡೋಕೆ ಬೇರೆ ವಿಭಾಗ ಇದೆ. ಆ ವಿಭಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ” ಎಂದರು.

ಸೊಣ್ಣಪ್ಪ ಫಾರಂ ಮನೆಗೆ ತಂದು ಮುಂದಿಟ್ಟುಕೊಂಡು ಕೂತ. ಹುಟ್ಟಿದಾಗಿನಿಂದ ಕಾಗದದ ಮೇಲೆ ಸುಳ್ಳು ಬರೆದವನಲ್ಲ.

ಆದಿಲಕ್ಷ್ಮಮ್ಮ ನೋಡಿದಳು. “ಒಂದು ತಿಂಗಳಾಯ್ತು ಆ ಆಡು ಕೇಳಿ. ನಮ್ಮಣ್ಣನ ಮುಕನೇ ಮರ್ತೋಗ್ತಾ ಐತೆ ನಂಗೆ. ಏನಾನ ಬರಿ. ಬರಿ ಅಂದ್ರೆ ಬರಿ.”

ಸೊಣ್ಣಪ್ಪನಿಗೆ ಹಾಲು ಬಿಟ್ಟರೆ ಬೇರೆ ಏನೂ ಹೊಳೆಯಲಿಲ್ಲ. ಚಿತ್ರ: ಹಾಲಿನ ಆಣೆ. ನಿರ್ಮಾಪಕರು: ಸೊಣ್ಣಪ್ಪ. ಸಂಗೀತದ ಕಾಲಂನಲ್ಲಿ ಕುಪ್ಪುಸ್ವಾಮಿಯ ಹೆಸರು ಬರೆದಿದ್ದ, ಅದು ವಾಪಸು ಬಂತು. ಸರ್ಕಾರಿ ಗಣಿಯ ನೌಕರರು ಇನ್ನೊಂದು ಕೆಲಸದಲ್ಲಿ ಇರುವಂತಿಲ್ಲವಂತೆ. ಮನೆಯ ಎತ್ತುಗಳ ಹೆಸರು ಬರೆದ: ಕೆಂಪ–ಬಸವ. ಅದಕ್ಕೆ ಆಕ್ಷೇಪಣೆ ಬರಲಿಲ್ಲ. ಹಾಡು ಬರುವ ಸನ್ನಿವೇಶಕ್ಕೆ ಫಾರಂನಲ್ಲೇ ಅಚ್ಚು ಹಾಕಿದ್ದರು: ‘ಹೂದೋಟ / ಮಳೆ / ಕನಸು — ಅನ್ವಯಿಸದ್ದನ್ನು ಹೊಡೆದುಹಾಕಿ.’ ಸೊಣ್ಣಪ್ಪ ಸಾರಿನ ಹಾಡಿಗೆ ಹೂದೋಟವನ್ನು ಉಳಿಸಿಕೊಂಡ.

ಬೀಗ ತೆಗೆದರು. ಶೆಡ್ಡಿನ ಮೇಲೆ ಬೋರ್ಡು ಬಂತು: ‘ಹಾಲಿನ ಆಣೆ ಚಿತ್ರದ ಹಾಡುಗಳು.’

“ಪೇಪರ್‌ನಲ್ಲಿ ಏನಾದ್ರೂ ಇರ್ಲಿ ಅಣ್ಣಾ, ಗಂಟಲು ನಂದೇ ತಾನೆ?” ಎಂದು ಕುಪ್ಪುಸ್ವಾಮಿ ನಕ್ಕ.

ಸಿನಿಮಾ ಹಾಡೆಂದ ಮೇಲೆ ಮುನ್ನೂರು ಜನ ಬಂದರು. ಮೂರನೇ ಭಾನುವಾರ ಪಕ್ಕದ ಕೋರಮಂಡಲ್ ಗಣಿಯವನೊಬ್ಬ ಆ ಚಿತ್ರವನ್ನು ಬೆಂಗಳೂರಲ್ಲಿ ನೋಡಿದ್ದೇನೆ ಎಂದ. ಮರುವಾರ ಇನ್ನೊಬ್ಬ ಮದರಾಸಿನಲ್ಲಿ ತಮಿಳಿನಲ್ಲೇ ನೋಡಿದ್ದ. ಇಬ್ಬರಿಗೂ ಕೊನೆಯ ದೃಶ್ಯದ ಬಗ್ಗೆ ಜಗಳವಾಯಿತು. ಬಿಡಿಸಲು ಸೊಣ್ಣಪ್ಪನನ್ನೇ ಕರೆದರು.

“ತಾಯಿ ಸಾಯ್ತಾಳಾ, ಉಳೀತಾಳಾ? ನೀವೇ ಹೇಳಿ ಪ್ರೊಡ್ಯೂಸರೇ.”

ಜನ ಕಾಯುತ್ತಿದ್ದರು. “ಉಳೀತಾಳೆ” ಎಂದ ಸೊಣ್ಣಪ್ಪ. ಸುತ್ತಲೂ ಚಪ್ಪಾಳೆ ಬಿತ್ತು. ಡೈರಿಯಲ್ಲಿ ಸತ್ಯ ಹೇಳಿದ್ದಕ್ಕೆ ಇಷ್ಟು ವರ್ಷದಲ್ಲಿ ಒಬ್ಬನೂ ಕೈ ತಟ್ಟಿರಲಿಲ್ಲ.

ಆಮೇಲೆ ಉಪಕಚೇರಿ ಕಥಾಸಾರಾಂಶ ಕೇಳಿತು. ಒಂದು ಪುಟ ಸಾಕೆಂದಿದ್ದರು, ಸೊಣ್ಣಪ್ಪ ಹದಿನಾಲ್ಕು ಪುಟ ಬರೆದ. ಊರಲ್ಲಿ ಎದುರು ಸಿಕ್ಕವರು ಬೀಡಿ ಆರಿಸತೊಡಗಿದರು. ಟ್ರೈನಿನಲ್ಲಿ ಕಿಟಕಿ ಪಕ್ಕ ಜಾಗ ಬಿಡತೊಡಗಿದರು. ಅವನು ಭಾನುವಾರಕ್ಕೆಂದೇ ಒಂದು ಬಿಳಿ ಜುಬ್ಬಾ ಹೊಲಿಸಿಕೊಂಡ.

ಕುಪ್ಪುಸ್ವಾಮಿಗೆ ಬಂದಿದ್ದು ನೋಟೀಸು. “ಶ್ರೀ ಕೆಂಪ–ಬಸವ ಇವರ ಸಂಗೀತವನ್ನು ತಾವು ಚಿತ್ರದಲ್ಲಿರುವುದಕ್ಕಿಂತ ನಿಧಾನವಾಗಿ ಹಾಡುತ್ತಿರುವಿರೆಂದು ಸಾರ್ವಜನಿಕರಿಂದ ದೂರು ಬಂದಿರುತ್ತದೆ.” ಅದನ್ನು ಹಿಡಿದುಕೊಂಡು ಅವನು ಡೈರಿಗೇ ಬಂದ. ಡ್ಯೂಟಿ ಬಟ್ಟೆಯನ್ನೂ ಬಿಚ್ಚಿರಲಿಲ್ಲ.

“ಸಾಕಣ್ಣಾ. ಸಿನಿಮಾನೇ ಇಲ್ಲ ಅಂತ ನೀವೇ ಓಗಿ ಬರ್ಕೊಟ್ಬಿಡಿ. ಶೆಡ್ಡು ಮುಚ್ಚಿದ್ರೂ ಪರವಾಗಿಲ್ಲ. ನನ್ನ ಎಂಡ್ತಿ ಒಲೆ ಮುಂದೆ ಕೂತಿದ್ದು ನಿಜ ಅಲ್ವಾ?”

“ನಿಜ” ಎಂದ ಸೊಣ್ಣಪ್ಪ. ಮರುದಿನವೇ ಅರ್ಜಿ ಬರೆದುಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋದ.

“ಸಾಮಿ, ಇಂಥ ಸಿನಿಮಾ ಇಲ್ಲ. ನಾನೇ ಸುಳ್ಳು ಬರೆದಿದ್ದು.”

ಶ್ರೀನಿವಾಸಪ್ಪನವರು ಕನ್ನಡಕ ತೆಗೆದರು. “ಇಲ್ಲ ಅಂದ್ರೇನ್ರೀ? ಮನೆಯವರನ್ನೂ ಕರ್ಕೊಂಡು ಹೋಗಿ ನೋಡಿದ್ದೀನಿ. ಇಂಟರ್‌ವೆಲ್ ತನಕ ಬಹಳ ಚೆನ್ನಾಗಿದೆ. ಆಮೇಲೆ ಸ್ವಲ್ಪ ಎಳೆದಿದ್ದೀರಿ.”

ಸೊಣ್ಣಪ್ಪ ಅರ್ಜಿಯನ್ನು ಮೇಜಿನ ಮೇಲೆ ಇಡಲು ಚಾಚಿದ್ದ ಕೈ ಅಲ್ಲೇ ನಿಂತಿತು.

“ಎಲ್ಲಿ ಎಳೆದೈತೆ ಸಾಮಿ?”

“ಕೋರ್ಟಿನ ದೃಶ್ಯ.”

“ಅದಿಲ್ದಿದ್ರೆ ಆಣೆಗೆ ಅರ್ಥನೇ ಇಲ್ವಲ್ಲ ಸಾಮಿ!” ಎಂದು ಸೊಣ್ಣಪ್ಪ ಕುರ್ಚಿ ಎಳೆದುಕೊಂಡು ಕೂತ. ಮುಕ್ಕಾಲು ಗಂಟೆ ವಾದ ನಡೆಯಿತು. ಎರಡು ಸಲ ಟೀ ಬಂತು. ಕೊನೆಗೆ ಶ್ರೀನಿವಾಸಪ್ಪನವರು ಕೋರ್ಟಿನ ದೃಶ್ಯ ಬೇಕೇ ಬೇಕೆಂದು ಒಪ್ಪಿದರು. ಸೊಣ್ಣಪ್ಪ ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಎದ್ದು ಬಂದ.

ಮುಂದಿನ ಭಾನುವಾರ ಕುಪ್ಪುಸ್ವಾಮಿ ಸಾರಿನ ಹಾಡನ್ನು ಬೇಗ ಬೇಗ ಹಾಡಿದ. ಆದಿಲಕ್ಷ್ಮಮ್ಮ ಸೆರಗು ಕಣ್ಣಿಗೊತ್ತಿಕೊಂಡಳು. ಸೊಣ್ಣಪ್ಪ ಅವಳ ಕಡೆ ಬಗ್ಗಿ, “ನಿಮ್ಮಣ್ಣನ ಗ್ಯಾಪಕ ಬಂತಾ?” ಎಂದು ಕೇಳಿದ.

“ಇಲ್ಲ, ಆ ಉಡುಗಿ ಊದೋಟದಾಗೆ ಓಡ್ ಬತ್ತಾಳಲ್ಲ, ಪಾಪ” ಎಂದಳು.

ಆಟ ಮುಗಿದ ಮೇಲೆ ಜನ ಹೊರಗೆ ಹೋಗುತ್ತ, ಪರವಾಗಿಲ್ಲ, ಆದರೆ ಸಿನಿಮಾದಲ್ಲಿ ಇನ್ನೂ ಚೆನ್ನಾಗಿತ್ತು ಎಂದು ಮಾತಾಡಿಕೊಂಡರು. ಕುಪ್ಪುಸ್ವಾಮಿ ಗಿಟಾರನ್ನು ಗೋಡೆಗೆ ಒರಗಿಸಿ ಸೊಣ್ಣಪ್ಪನ ಹತ್ತಿರ ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

“ಎಲ್ರೂ ಏಳ್ತಾರೆ ಅಣ್ಣಾ. ನಾನೂ ಒಂದ್ಸಲ ನೋಡಿದ್ರೆ ತಪ್ಪು ಎಲ್ಲಾಗ್ತಿದೆ ಅಂತ ಗೊತ್ತಾಗುತ್ತೆ. ಎಲ್ಲಿ ಓಡ್ತಾ ಇದೆ?”

“ತೆಗೆದ್ಬಿಟ್ರಲ್ಲ ಕುಪ್ಪುಸಾಮಿ” ಎಂದ ಸೊಣ್ಣಪ್ಪ ನಿಜವಾದ ಬೇಸರದಿಂದ. “ನೂರು ದಿನ ಓಡ್ತು. ನೀನು ಆಗ್ಲೇ ಬರ್ಬೇಕಾಗಿತ್ತು.”