ನಾವು ಎಲ್ಲಾ ನೋಡುತ್ತೇವಂತೆ!

ಬಳ್ಳಾರಿಯಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿಯೊಂದರಲ್ಲಿ ನನ್ನ ಕೆಲಸ. ಯಾವ ಮನೆಗೆ ಎಷ್ಟು ನೆಟ್ ಹೋಗುತ್ತಿದೆ ಎಂದು ಪರದೆಯ ಮೇಲೆ ನೋಡುವುದು, ಬೈಯುವವರ ಫೋನ್ ಎತ್ತುವುದು. ಏನಾದರೊಂದು ಆಗದ ದಿನವೇ ಇಲ್ಲ. ನಗುವಷ್ಟು ತ್ರಾಣ ಮಾತ್ರ ಉಳಿದಿಲ್ಲ. ಈಗ ನಮಗೆ ಪೈಪೋಟಿ ಕೊಡುವ ಎದುರು ಕಂಪನಿಯವರು, 'ನೀವು ನೆಟ್ಟಿನಲ್ಲಿ ನೋಡುವುದನ್ನೆಲ್ಲಾ ಇವರೂ ಕೂತು ನೋಡುತ್ತಾರೆ' ಎಂದು ನಮ್ಮ ಮೇಲೆ ಸುದ್ದಿ ಹಬ್ಬಿಸಿದ್ದಾರೆ. ಗಿರಾಕಿಗಳು ಒಬ್ಬೊಬ್ಬರೇ ಅತ್ತ ಜಾರುತ್ತಿದ್ದಾರೆ. "ಇನ್ನಷ್ಟು ಮಂದಿ ಹೋದ್ರ ನಿನ್ನೂ ಮನಿಗೆ ಕಳಸ್ತೀನಿ ನೋಡು" ಎಂದು ನಮ್ಮ ಮಾಲೀಕರು ಹೇಳಿಬಿಟ್ಟಿದ್ದಾರೆ.

ಕಂಟೋನ್ಮೆಂಟಿನ ಮೇಷ್ಟ್ರು

ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿ, ದನಿ ತಗ್ಗಿಸಿ, "ನಿನ್ನೆ ಮಧ್ಯಾಹ್ನ ನಾ ಏನ್ ನೋಡಿದೆ ಅಂತ ನಿಮಗ ಗೊತ್ತಾತೇನ್ರಿ?" ಎಂದರು.

"ಇಲ್ರಿ ಸರ್. ಸೈಟ್ ಅಂದ್ರ ಅಂಗಡಿ ಇದ್ದಂಗ. ಯಾವ ಅಂಗಡಿಗೆ ಹೋದ್ರಿ ಅಂತ ಹೇಳಬಹುದು, ಒಳಗ ಏನ್ ತಗೊಂಡ್ರಿ ಅಂತ ಹೇಳಾಕ ಬರಂಗಿಲ್ಲ."

ಅವರಿಗೆ ಜೀವ ಬಂದಂತಾಯಿತು. "ಛಲೋ ಆತು. ಈಗ ನಮ್ಮ ಮನ್ಯಾಕಿ ಕೈಯಾಗ ಫೋನ್ ಕೊಡ್ತೀನಿ. ಅಕಿಗೆ ಮಾತ್ರ, 'ನಾವು ಎಲ್ಲಾ ನೋಡೀವಿ, ಬರೇ ವಚನ ಕೇಳ್ಯಾರ' ಅಂತ ಹೇಳಿಬಿಡ್ರಿ."

ಸಿರುಗುಪ್ಪದ ತಾಯಿ

ಸಿರುಗುಪ್ಪದ ತಾಯಿಯೊಬ್ಬರದು ಉಲ್ಟಾ ತಕರಾರು. "ನನ್ನ ಮಗಳು ಬಾಗಲಾ ಹಾಕ್ಕೊಂಡು ಪಾಠದ ವಿಡಿಯೋ ನೋಡಾಕತ್ತಾಳೋ, ಸಿನಿಮಾ ನೋಡಾಕತ್ತಾಳೋ? ಜರಾ ನೋಡಿ ಹೇಳ್ರಿ."

"ಅದು ನಮಗ ಕಾಣಂಗಿಲ್ರಿ ಅಮ್ಮ."

"ಕಾಣಂಗಿಲ್ಲಾ? ಎಲ್ಲಾ ನೋಡ್ತೀರಿ ಅಂತ ಕೇಳೇ ನಿಮ್ಮ ಕನೆಕ್ಷನ್ ತಗೊಂಡಿದ್ದು!"

ಮರುದಿನವೇ ತೆಗೆಸಿಹಾಕಿದರು. ನೋಡುತ್ತೇವೆಂದು ಬೇರೆಯವರು ಹೋದರು, ನೋಡುವುದಿಲ್ಲವೆಂದು ಇವರು ಹೋದರು. ನನಗಂತೂ ಸಾಕಾಗಿಹೋಗಿದೆ.

ಕುರುಗೋಡಿನ ಸನ್ಮಾನ

ಈ ಸುದ್ದಿಯಿಂದ ನಮಗೆ ಹೆಚ್ಚು ಏಟು ಬಿದ್ದದ್ದು ಕುರುಗೋಡಿನಲ್ಲಿ. "ಅಲ್ಲಿ ನಮ್ಮನ್ನ ಬಿಡದಿರೋ ಗಿರಾಕಿ ಒಬ್ಬರನ್ನರ ಹುಡುಕು. ಶಾಲು ಹೊದಸಿ ಫೋಟೋ ಹಾಕೋಣು" ಎಂದರು ಮಾಲೀಕರು. ಪರದೆ ನೋಡಿದೆ. ಒಂದು ಕನೆಕ್ಷನ್ನಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನೆಟ್ ಬಿಡುವಿಲ್ಲದೆ ಓಡುತ್ತಿತ್ತು. ಆ ಮನೆಯಿಂದ ಒಂದು ದಿನವೂ ಬೈಗುಳ ಬಂದಿರಲಿಲ್ಲ. ಪುಣ್ಯಾತ್ಮರು ಎಂದುಕೊಂಡು ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ಬಸ್ಸಿಳಿದೆ.

ಮನೆಯ ಯಜಮಾನರು ಮೇಲಕ್ಕೆ ಕೈ ತೋರಿಸಿದರು. "ಹೆಸರಷ್ಟೇ ನಂದು. ನೆಟ್ ಬಳಸೋರು ಬಾಡಿಗಿಯವ್ರು, ಮ್ಯಾಲ ಅದಾರ."

ಮೆಟ್ಟಿಲು ಹತ್ತಿದರೆ ಬಾಗಿಲ ಮೇಲೆ ಎದುರು ಕಂಪನಿಯ ಬೋರ್ಡು!

ತಿರುಗಿ ಇಳಿಯಬೇಕು, ಅಷ್ಟರಲ್ಲಿ ಅವರ ಮ್ಯಾನೇಜರು ಹಾರ ನೋಡಿ, "ಬರ್ರಿ ಬರ್ರಿ" ಎಂದು ಎದ್ದೇ ನಿಂತರು. ಮಾಲೀಕರಿಗೆ ಫೋಟೋ ಬೇಕು, ನನಗೆ ಕೆಲಸ ಬೇಕು. ಶಾಲು ಹೊದಿಸಿದೆ. ಫೋಟೋನೂ ಆಯಿತು. ಆಮೇಲೆ ತಡೆಯಲಾರದೆ ಕೇಳಿದೆ: "ನಿಮ್ಮದೇ ನೆಟ್ ಐತಲ್ರಿ, ನಮ್ಮದ್ಯಾಕ?"

ಅವರು ಶಾಲು ಸರಿಮಾಡಿಕೊಳ್ಳುತ್ತಾ ಅಂದರು: "ಊರ ಮಂದಿಯೆಲ್ಲಾ ಬಿಟ್ರೂ ನಾವ್ ನಿಮ್ಮನ್ನ ಬಿಡಂಗಿಲ್ರಿ. ನಮ್ಮ ನೆಟ್ ಹೋದಾಗ ಗಿರಾಕಿಗಳ ಕಂಪ್ಲೇಂಟ್ ತಗೊಳ್ಳಾಕ ಒಂದು ನೆಟ್ ಬೇಕಲ್ರಿ!"